ಬೆಂಜ್ ಬಿರುದು, ಆಡುಗೋಡಿಯ ಪಂಪು

ಟಾಟಾದ ಆರು ಸಿಲಿಂಡರ್ ಎಂಜಿನ್ನಿನ ಬಗ್ಗೆ ಬರೆಯುವವರು ಮೊದಲ ಸಾಲಿನಲ್ಲೇ ಜರ್ಮನಿ ತಲುಪಿಬಿಡುತ್ತಾರೆ. ಟಾಟಾದ ಲಾರಿ ಕಂಪನಿ ಟೆಲ್ಕೊ ಮತ್ತು ಡೈಮ್ಲರ್ ಬೆಂಜ್ ನಡುವಿನ 1954ರ ಒಪ್ಪಂದ, ಜಮ್‌ಷೆಡ್‌ಪುರದಿಂದ ಹೊರಟ ಬೆಂಜ್ ನಕ್ಷತ್ರದ ಲಾರಿಗಳು, 1969ರಲ್ಲಿ ನಕ್ಷತ್ರ ಇಳಿದು ಆ ಜಾಗಕ್ಕೆ ‘ಟಿ’ ಅಕ್ಷರ ಬಂದದ್ದು, ಇವೆಲ್ಲ ಓದುಗರಿಗೆ ಗೊತ್ತಿರುವ ಸಂಗತಿಗಳೇ. ನನ್ನ ತಕರಾರು ಅವುಗಳಿಂದ ಎಳೆಯುವ ತೀರ್ಮಾನದ ಬಗ್ಗೆ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ಮಲೆ ಮಹದೇಶ್ವರ ಬೆಟ್ಟ ಹತ್ತುತ್ತಿದ್ದ ಬಸ್ಸುಗಳೂ ಕರಿಕಲ್ಲು ಹೊತ್ತ ಲಾರಿಗಳೂ ಇಷ್ಟು ವರ್ಷ ಬಾಳಿದ್ದು ‘ಬೆಂಜ್ ಕಬ್ಬಿಣ’ದ ಗುಣದಿಂದ ಎನ್ನುತ್ತಾರೆ. ಆ ಹೊಗಳಿಕೆ ಸಲ್ಲಬೇಕಾದ ಭಾಗಕ್ಕೆ ಸಂದಿಲ್ಲ.

ಮೊದಲು ಅಳತೆಗಳನ್ನು ನೋಡೋಣ. ಈ ಎಂಜಿನ್ನಿನ ಹೆಸರು 697 ಎಂದರೆ ಆರು ಸಿಲಿಂಡರ್, 97 ಮಿ.ಮೀ. ಬೋರ್. ಸ್ಟ್ರೋಕ್ 128 ಮಿ.ಮೀ., ಒಟ್ಟು 5.675 ಲೀಟರ್. ಇದು ಬೆಂಜ್‌ನ ಓಎಂ 352 ಎಂಜಿನ್ನಿನ ಅಳತೆಯೇ, ಅನುಮಾನವಿಲ್ಲ. ಅದೇ ಓಎಂ 352 ಬ್ರೆಜಿಲ್‌ನ ಲಾರಿಗಳಲ್ಲೂ ಜರ್ಮನಿಯ ಯೂನಿಮಾಗ್‌ಗಳಲ್ಲೂ ದುಡಿದಿದೆ. ಆದರೆ 697ಕ್ಕೆ ಮೊದಲು 692 ಇತ್ತು. ಬೆಂಜ್‌ನ ಈ ಕುಟುಂಬದಲ್ಲಿ ಓಎಂ 312ರ ಬೋರ್ 90, ಓಎಂ 321ರದ್ದು 95, ಓಎಂ 352ರದ್ದು 97. ಅದರಲ್ಲಿ 92 ಎಲ್ಲಿದೆ? 90ರ ಮೇಲಿನ ಆ ಎರಡು ಮಿಲಿಮೀಟರ್ ಇಲ್ಲಿ ಕೂತು ಯೋಚಿಸಿದವರ ನಿರ್ಧಾರ. ನಕ್ಷತ್ರ ಇಳಿದ ಮೇಲೆ ಟೆಲ್ಕೊ ಹಳೆಯ ಅಚ್ಚನ್ನೇ ಒತ್ತುತ್ತಾ ಕೂತಿತ್ತು ಎಂದು ಬರೆಯುವವರು ಈ ಒಂದು ಸಂಖ್ಯೆಗೆ ಉತ್ತರ ಕೊಡಬೇಕು. ಕೊಟ್ಟವರನ್ನು ನಾನು ಕಂಡಿಲ್ಲ.

ಎರಡನೆಯ ಹೊಗಳಿಕೆ ನಯದ್ದು. ಸಾಲಾಗಿ ನಿಂತ ಆರು ಪಿಸ್ಟನ್‌ಗಳಲ್ಲಿ ಒಂದು ಮತ್ತು ಆರು, ಎರಡು ಮತ್ತು ಐದು, ಮೂರು ಮತ್ತು ನಾಲ್ಕು ಜೋಡಿಯಾಗಿ ಏರಿಳಿಯುತ್ತವೆ. ಕ್ರ್ಯಾಂಕ್ 120 ಡಿಗ್ರಿ ತಿರುಗಿದಾಗಲೆಲ್ಲ ಒಂದು ಸಿಲಿಂಡರ್ ಉರಿಯುತ್ತದೆ, ಕ್ರಮ 1-5-3-6-2-4. ಅಲುಗಾಟದ ಬಲಗಳು ಒಂದನ್ನೊಂದು ಹೊಡೆದುಹಾಕುತ್ತವೆ. ನಿಜವೇ. ಆದರೆ ಇದು ಜಗತ್ತಿನ ಸಾಲು ಆರು ಸಿಲಿಂಡರ್ ಎಂಜಿನ್ನುಗಳಿಗೆಲ್ಲ ಒಲಿದ ಗುಣ. ಎನ್ನೋರಿನ ಅಶೋಕ್ ಲೇಲ್ಯಾಂಡ್‌ಗೂ ಇತ್ತು. ಅದನ್ನು 697ರ ಸಾಧನೆಯೆಂದು ಎಣಿಸುವುದು ಗಣಿತಕ್ಕೆ ಸಲ್ಲಬೇಕಾದ ಹಾರವನ್ನು ಟಾಟಾ ಕೊರಳಿಗೆ ಹಾಕಿದಂತೆ. ಅದೂ ಅಲ್ಲದೆ, ಆ ಸಮತೋಲ ಉಳಿಯಬೇಕಾದರೆ ಆರು ನಾಝಲ್‌ಗಳಿಗೂ ಸಮನಾಗಿ ಡೀಸೆಲ್ ಬೀಳಬೇಕು. ಒಂದಕ್ಕೆ ಕಡಿಮೆ ಬಿದ್ದರೂ ಎಂಜಿನ್ ಕುಂಟುತ್ತದೆ. ಹಾಗಾಗಿ ನಯದ ಮಾತು ಕೂಡ ಕೊನೆಗೆ ಬಂದು ನಿಲ್ಲುವುದು ಪಂಪಿನ ಮುಂದೆ.

ಬ್ಲಾಕಿನ ಪಕ್ಕಕ್ಕೆ ಕೂತ ಆ ಉದ್ದನೆಯ ಇಂಜೆಕ್ಷನ್ ಪಂಪನ್ನು ವಿಮರ್ಶಕರು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ನನ್ನ ಪ್ರಕಾರ ಇಡೀ ವಿನ್ಯಾಸದ ಬುದ್ಧಿ ಇರುವುದು ಅಲ್ಲೇ. ರಾಬರ್ಟ್ ಬಾಷ್ ಕಂಪನಿ 1927ರಲ್ಲಿ ಇಂಥ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರುಮಾಡಿತು. ನಮ್ಮ ಗಾಡಿಗಳಿಗೆ ಅವು ಬಂದದ್ದು ಬೆಂಗಳೂರಿನ ಆಡುಗೋಡಿಯಿಂದ, 1951ರಲ್ಲಿ ಹುಟ್ಟಿದ ಮೈಕೋದಿಂದ. ಜರ್ಮನಿಯ ಎಂಜಿನ್ ಎಂದು ಹೆಮ್ಮೆಪಡುವವರು ಕೊಳ್ಳೇಗಾಲಕ್ಕೆ ಇಷ್ಟು ಹತ್ತಿರದ ಈ ಕಾರ್ಖಾನೆಯನ್ನು ಹೆಸರಿಸುವುದೇ ಇಲ್ಲ.

ಅದರ ಕೆಲಸ ಹೀಗೆ. ಪ್ರತಿ ಸಿಲಿಂಡರಿಗೂ ಒಂದು ಪ್ಲಂಜರ್. ಪ್ಲಂಜರ್ ಪ್ರತಿ ಸಲವೂ ಏರುವುದು ಅಷ್ಟೇ ಎತ್ತರ. ಡೀಸೆಲ್ ಹೆಚ್ಚು ಕಡಿಮೆಯಾಗುವುದು ಅದು ನಿಂತಲ್ಲೇ ಎಷ್ಟು ಹೊರಳಿದೆ ಎಂಬುದರಿಂದ. ಅದರ ಮೈಮೇಲೆ ಓರೆಯಾಗಿ ಕೊರೆದ ಅಂಚೊಂದಿದೆ. ಆ ಅಂಚು ಬ್ಯಾರಲ್ಲಿನ ರಂಧ್ರಕ್ಕೆ ಸಿಕ್ಕ ಕ್ಷಣ ಒತ್ತಡ ಕುಸಿದು ಡೀಸೆಲ್ ಚಿಮ್ಮುವುದು ನಿಲ್ಲುತ್ತದೆ. ಆರೂ ಪ್ಲಂಜರ್‌ಗಳನ್ನು ಒಂದೇ ರ‍್ಯಾಕ್ ಒಟ್ಟಿಗೆ ಹೊರಳಿಸುತ್ತದೆ, ರ‍್ಯಾಕನ್ನು ಗವರ್ನರ್ ನಡೆಸುತ್ತದೆ. ಪ್ಲಂಜರಿಗೂ ಬ್ಯಾರಲ್ಲಿಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದ ಕೆಲವೇ ಪಾಲು. ಎರಡನ್ನೂ ಜೋಡಿಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ, ಒಂದು ಜೋಡಿಯ ಪ್ಲಂಜರ್ ಇನ್ನೊಂದರ ಬ್ಯಾರಲ್ಲಿಗೆ ಬರುವುದಿಲ್ಲ. ಇಷ್ಟು ಸೂಕ್ಷ್ಮ ಕೆಲಸದಲ್ಲಿ ಒಂದು ತಂತಿಯೂ ಇಲ್ಲ, ವಿದ್ಯುತ್ತೂ ಬೇಡ. ಸೆಲ್ಫ್ ಕೆಟ್ಟರೆ ಇಳಿಜಾರಿನಲ್ಲಿ ಬಿಟ್ಟು ಗೇರಿಗೆ ಹಾಕಿದರೆ ಸಾಕು. ಡೀಸೆಲ್ ಖಾಲಿಯಾಗಿ ಏರ್ ಹಿಡಿದರೆ ಕೈಪಂಪು ಒತ್ತಿ, ಸ್ಕ್ರೂ ಸಡಿಲಿಸಿ ಏರ್ ತೆಗೆದರೆ ಮತ್ತೆ ಹೊರಡುತ್ತದೆ.

ಮಹದೇಶ್ವರ ಬೆಟ್ಟದ ಬುಡದ ತಾಳಬೆಟ್ಟದಲ್ಲಿ ಇದರ ಬೆಲೆ ತಿಳಿಯುತ್ತದೆ. ಜಾತ್ರೆಯ ಜನ ತುಂಬಿದ ಬಸ್ಸು ಏರು ಹಿಡಿದಾಗ ಎಂಜಿನ್ನಿನ ಸುತ್ತು ಇಳಿಯುತ್ತದೆ. ಚಾಲಕ ಕಾಲು ಕದಲಿಸದಿದ್ದರೂ ಗವರ್ನರ್ ಅದನ್ನರಿತು ರ‍್ಯಾಕನ್ನು ಮುಂದಕ್ಕೆ ಸರಿಸುತ್ತದೆ, ಪ್ರತಿ ಹೊಡೆತಕ್ಕೂ ಡೀಸೆಲ್ ಹೆಚ್ಚುತ್ತದೆ. ರ‍್ಯಾಕ್ ತನ್ನ ಕೊನೆಯ ತಡೆಗೆ ತಾಗಿದ ಮೇಲೂ ಸುತ್ತು ಇನ್ನಷ್ಟು ಇಳಿದಂತೆ ಎಳೆತ ಸ್ವಲ್ಪ ಏರುತ್ತದೆ. ತಿರುವಿನಲ್ಲಿ ಗಾಡಿ ಉಸಿರು ಕಟ್ಟದೆ ದಾಟುವುದು ಈ ಗುಣದಿಂದ. ಟಾಟಾದ 1612 ಮಾದರಿಯ ಹೆಸರನ್ನೇ ಬಿಡಿಸಿ ನೋಡಿ: 16 ಟನ್ ಒಟ್ಟು ತೂಕ, 120ರ ಆಸುಪಾಸು ಅಶ್ವಶಕ್ತಿ. ಟನ್ನಿಗೆ ಎಂಟೂ ಇಲ್ಲ. ಇಷ್ಟು ಬಡ ಶಕ್ತಿಯಲ್ಲಿ ಘಾಟಿ ಹತ್ತಿಸಿದ್ದು ಕಬ್ಬಿಣದ ದಪ್ಪವಲ್ಲ, ಅಳೆದು ಬಿಟ್ಟ ಡೀಸೆಲ್.

ಆ ಅಳತೆ ಸವೆಯುತ್ತದೆ, ಅದನ್ನು ಮತ್ತೆ ಕೂರಿಸಬೇಕು. ಪಂಪ್ ಅಂಗಡಿಯ ಬೆಂಚಿನ ಮೇಲೆ ಆರು ಗಾಜಿನ ಕೊಳವೆಗಳ ಸಾಲು ಇರುತ್ತದೆ. ಇಂತಿಷ್ಟು ಹೊಡೆತಕ್ಕೆ ಯಾವ ಕೊಳವೆಗೆ ಎಷ್ಟು ಬಿತ್ತೆಂದು ನೋಡಿ, ಕಡಿಮೆ ಬಿದ್ದ ಪ್ಲಂಜರಿನ ಹಲ್ಲುಪಟ್ಟಿ ಸಡಿಲಿಸಿ, ಕೂದಲಷ್ಟು ಹೊರಳಿಸಿ ಬಿಗಿಯುತ್ತಾರೆ. ಎಂಜಿನ್ನಿನ ಆಯುಷ್ಯವನ್ನು ಕಾಯ್ದದ್ದು ಈ ಕೈಗಳು. ತಾಲ್ಲೂಕು ಪಟ್ಟಣದ ಮೆಕ್ಯಾನಿಕ್ ಬೋರ್ ಮಾಡಿಸಿ ಲೈನರ್ ಹಾಕಿಸಬಲ್ಲ, ಹೆಡ್ ಇಳಿಸಬಲ್ಲ. ಪಂಪಿನ ಕೆಲಸ ಮಾತ್ರ ಬಲ್ಲವರಿಗೇ ಮೀಸಲು. ಎಂಜಿನ್ ಚರಿತ್ರೆಗಳಲ್ಲಿ ಇವರಿಗೆ ಒಂದು ಅಡಿಟಿಪ್ಪಣಿಯೂ ಸಿಕ್ಕಿಲ್ಲ ಎನ್ನುವುದು ನನಗೆ ನಿಜವಾದ ನೋವು.

ದೋಷಗಳನ್ನೂ ಹೇಳಬೇಕು. ಡೀಸೆಲ್ಲಿನ ಗರಿಷ್ಠ ಮಿತಿ ಒಂದು ಸ್ಕ್ರೂವಿನಲ್ಲಿತ್ತು. ಅದರ ಸೀಲು ಕಿತ್ತು ಪಂಪ್ ‘ಏರಿಸಿ’ ಹೆಚ್ಚು ಕಲ್ಲು ಹೇರಿದವರ ಗಾಡಿಗಳು ಏರಿನಲ್ಲೆಲ್ಲ ಕರಿಹೊಗೆ ಕಕ್ಕಿದವು. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ದಾರಿ ಕಾಡಿನೊಳಗಿನದು, 2011ರಿಂದ ಆ ಕಾಡು ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಆ ಹೊಗೆಗೆ ಸಮರ್ಥನೆಯಿಲ್ಲ. 2017ರ ಏಪ್ರಿಲ್‌ನಲ್ಲಿ ಬಿಎಸ್ 4, 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಹೊಗೆ ನಿಯಮಗಳು ದೇಶಕ್ಕೆಲ್ಲ ಬಂದದ್ದು ಸರಿಯೇ ಆಯಿತು. ಆದರೆ ಹೊಸ ಗಾಡಿಯ ಕಂಪ್ಯೂಟರ್ ಕೈಕೊಟ್ಟರೆ ಕೌದಳ್ಳಿಯಲ್ಲಿ ಸ್ಪಾನರ್ ಹಿಡಿದವನಿಗೆ ಮಾಡಲು ಹೆಚ್ಚೇನೂ ಉಳಿದಿಲ್ಲ.

ಇನ್ನು ಲೇಲ್ಯಾಂಡ್ ಪಕ್ಷದವರು. ‘ಲೇಲ್ಯಾಂಡ್ ಎಳೆತವೇ ಬೇರೆ’ ಎಂಬ ಮಾತು ಬಸ್ ನಿಲ್ದಾಣದಿಂದ ಪತ್ರಿಕೆಯ ಬರಹಗಳವರೆಗೂ ಹಬ್ಬಿದೆ. ಬೇರೆ ಆಗದೆ ಹೇಗಿದ್ದೀತು? ಹಳೆಯ ಲೇಲ್ಯಾಂಡ್ 400ರ ಹೆಸರಲ್ಲೇ 400 ಘನ ಅಂಗುಲವಿದೆ, ಅಂದರೆ ಆರೂವರೆ ಲೀಟರ್. 697ರ ಹೊಟ್ಟೆ ಅದೇ ಲೆಕ್ಕದಲ್ಲಿ ಸುಮಾರು 346. ದೊಡ್ಡ ಎಂಜಿನ್ ಹೆಚ್ಚು ಎಳೆಯಿತು ಎಂಬುದನ್ನು ವಿನ್ಯಾಸದ ಗೆಲುವೆಂದು ಹೇಳುವುದು ವಿಮರ್ಶೆಯಲ್ಲ. ಟಾಟಾ ಪಕ್ಷದವರ ‘ಪಿಕಪ್’ ವಾದವೂ ಇದಕ್ಕಿಂತ ಮೇಲಲ್ಲ. ಎರಡೂ ಕಡೆಯವರು ಹೋಲಿಸುವುದು ಪಂಪು ಸವೆದ ಒಂದು ಗಾಡಿಯನ್ನು ಪಂಪು ಏರಿಸಿದ ಇನ್ನೊಂದರ ಜೊತೆ. ಎರಡರ ಪಂಪನ್ನೂ ಬೆಂಚಿಗೆ ಹಾಕಿ, ಕಂಪನಿಯ ಅಳತೆಗೆ ತಂದು, ಒಂದೇ ತೂಕ ಹೇರಿ ತಾಳಬೆಟ್ಟದಿಂದ ಹತ್ತಿಸಿ ನೋಡಿದ ಮೇಲೆ ಬರೆದ ಒಂದು ಪುಟವನ್ನೂ ನಾನು ಓದಿಲ್ಲ. ಅಂಥ ಪುಟ ಬರುವವರೆಗೆ ಎರಡು ಪಕ್ಷಗಳ ತೀರ್ಪನ್ನೂ ನಾನು ಒಪ್ಪುವುದಿಲ್ಲ.