ಅನಕೃ ಮತ್ತು ಅರ್ಧ ಹೊಗಳಿಕೆ

ಜಯನಗರದ ಒಂದು ಗೋಷ್ಠಿಯಲ್ಲಿ ಈಚೆಗೆ ಪ್ರಗತಿಶೀಲ ಸಾಹಿತಿಗಳ ಮಾತು ಬಂತು. ಅದರ ಬೆನ್ನಿಗೇ ಹಳೆಯ ತೀರ್ಪೂ ಬಂತು: ಕಾದಂಬರಿಕಾರ ಅನಕೃ ಓದುಗರನ್ನು ಬೆಳೆಸಿದರು, ಸಾಹಿತ್ಯವನ್ನಲ್ಲ. ಸಭೆ ತಲೆದೂಗಿತು. ನನಗೆ ಮೈ ಉರಿಯಿತು.

ನವ್ಯರ ಕಾಲದಿಂದ ಕೈ ಬದಲಾಯಿಸುತ್ತ ಬಂದ ಮಾತಿದು. ನಿರಂಜನರನ್ನು ‘ಚಿರಸ್ಮರಣೆ’ ಕಾಪಾಡಿತು, ತರಾಸು ಅವರನ್ನು ‘ದುರ್ಗಾಸ್ತಮಾನ’. ಕಟ್ಟೀಮನಿಯವರನ್ನು ಬಯ್ಯುವಷ್ಟು ಕೂಡ ಯಾರೂ ಓದುವುದಿಲ್ಲ. ಉಳಿದದ್ದು ಅನಕೃ; ಇಡೀ ಪಂಥದ ದೋಷವೆಲ್ಲ ಅವರೊಬ್ಬರ ತಲೆಗೆ.

ಅವರ ನೂರಕ್ಕೂ ಹೆಚ್ಚು ಕಾದಂಬರಿಗಳಲ್ಲಿ ಜಾಳು ಇದೆ. ಪಾತ್ರಗಳು ಭಾಷಣಕ್ಕೆ ನಿಲ್ಲುತ್ತವೆ, ಆಕಸ್ಮಿಕಗಳು ಕಥೆಯನ್ನು ದಡ ಸೇರಿಸುತ್ತವೆ. ಒಪ್ಪಿದೆ. ಆದರೆ ಅವರ ಗದ್ಯವನ್ನು ಕಣ್ಣಿನಿಂದಷ್ಟೇ ಅಳೆದವರು ಅರ್ಧ ಅನಕೃ ಅವರನ್ನು ಮಾತ್ರ ಕಂಡವರು. ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಬನಶಂಕರಿಯ ಮನೆಯಲ್ಲಿ ಮಧ್ಯಾಹ್ನ ಮುಸುರೆ ತಿಕ್ಕಿಯಾದ ಮೇಲೆ ಅಮ್ಮ ‘ಸಂಧ್ಯಾರಾಗ’ ಓದುತ್ತಿದ್ದಳು, ಅಜ್ಜಿ ಬತ್ತಿ ಹೊಸೆಯುತ್ತ ಕೇಳುತ್ತಿದ್ದಳು. ಎಲ್ಲೂ ನಿಲ್ಲಿಸಿ ಅರ್ಥ ಹೇಳಬೇಕಾಗುತ್ತಿರಲಿಲ್ಲ. ಕಥಾನಾಯಕ ಲಕ್ಷ್ಮಣನ ಸಂಕಟದ ಕಡೆ ಅಮ್ಮನ ದನಿ ತಾನಾಗಿಯೇ ತಗ್ಗುತ್ತಿತ್ತು. ವಾಕ್ಯ ಎಲ್ಲಿ ಉಸಿರು ಬಿಡಬೇಕು, ಸಂಭಾಷಣೆ ಎಲ್ಲಿ ತಿರುಗಬೇಕು ಎಂಬುದನ್ನು ಕಿವಿಯಿಂದ ಬಲ್ಲವರ ಬರವಣಿಗೆ ಅದು. ವೇದಿಕೆಯ ಮೇಲೆ ಸಾವಿರಾರು ಜನರನ್ನು ಹಿಡಿದು ಕೂರಿಸುತ್ತಿದ್ದ ಮಾತುಗಾರ ಕಾದಂಬರಿಗೆ ತಂದ ಕಸುಬು. ಇದನ್ನು ಸಾಹಿತ್ಯದ ಗುಣವೆಂದು ಎಣಿಸದ ಮಾನದಂಡ ನನಗೆ ಬೇಡ.

ಇನ್ನು ವಸ್ತು. ‘ಸಂಧ್ಯಾರಾಗ’ದಲ್ಲಿ ಗಾಯಕ, ‘ಉದಯರಾಗ’ದಲ್ಲಿ ಚಿತ್ರಕಾರ, ‘ನಟಸಾರ್ವಭೌಮ’ದಲ್ಲಿ ನಟ. ಕಲೆಯನ್ನೇ ನಂಬಿದವನ ಹಸಿವು, ಹಟ, ಅವಮಾನಗಳನ್ನು ಇಷ್ಟು ಪ್ರೀತಿಯಿಂದ ಮತ್ತೆ ಮತ್ತೆ ಎತ್ತಿಕೊಂಡ ಇನ್ನೊಬ್ಬ ಕಾದಂಬರಿಕಾರ ನನಗೆ ಕನ್ನಡದಲ್ಲಿ ಕಾಣುವುದಿಲ್ಲ. 1966ರಲ್ಲಿ ‘ಸಂಧ್ಯಾರಾಗ’ ಸಿನಿಮಾ ಆದಾಗ ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರೂ ಅದಕ್ಕೆ ಹಾಡಿದರು. ಅಂಥ ಸಂಗೀತವನ್ನು ಕಥೆಯೇ ಕೇಳುತ್ತಿತ್ತು. ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ಗಳಲ್ಲಿ ವೇಶ್ಯೆಯರ ಬದುಕು ಬರೆದಾಗ ಅಶ್ಲೀಲವೆಂಬ ಕೂಗೆದ್ದಿತು. ಅನಕೃ ಹಿಂದೆಗೆಯದೆ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಮುಂದೆ ನವ್ಯರು ಕಾಮದ ಬಗ್ಗೆ ಬಿಡುಬೀಸಾಗಿ ಬರೆದರಲ್ಲ, ಆ ದಾರಿಯ ಮುಳ್ಳು ತುಳಿದವರು ಯಾರು?

ನನ್ನ ನಿಜವಾದ ಜಗಳ ರುಚಿಯ ಬಗೆಗಿನದು. ಹೆಚ್ಚು ಜನಕ್ಕೆ ತಲುಪಿದ್ದು ಕೆಳದರ್ಜೆಯದು ಎಂಬ ನಂಬಿಕೆ ಈ ಊರಿನ ಪುಸ್ತಕಗಳಲ್ಲಿ ಮಾತ್ರವಲ್ಲ, ಸಂಗೀತ ಸಭೆಗಳಲ್ಲೂ ಬೇರೂರಿತ್ತು; ಅಲ್ಲಿ ಜನರ ನುಡಿಯಾದ ಕನ್ನಡವೇ ಕೆಳದರ್ಜೆಯದು. 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಮೋತ್ಸವ ಕಚೇರಿಗಳಲ್ಲಿ ಕನ್ನಡದ ಕಲಾವಿದರಿಗೆ ಮನ್ನಣೆಯಿಲ್ಲವೆಂದು ಅನಕೃ ಬೀದಿಗಿಳಿದರು. ಅದಕ್ಕೆ ಮುಂಚೆಯೇ ಅವರು 1960ರ ಮಣಿಪಾಲ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯ ಗೌರವ ಪಡೆದಿದ್ದವರು. ಹಾರ ಹಾಕಿಸಿಕೊಂಡು ಮನೆಯಲ್ಲಿರಬಹುದಿತ್ತು. ಲಕ್ಷ್ಮಣನನ್ನು ಸೃಷ್ಟಿಸಿದವರಿಗೆ ಅದು ಸಾಧ್ಯವಾಗಲಿಲ್ಲ.

ಇಂದಿಗೂ ನಮ್ಮ ಕಡೆಯ ಎಷ್ಟೋ ಕಚೇರಿಗಳಲ್ಲಿ ಪುರಂದರದಾಸರ ಸರದಿ ಬರುವುದು ಮೃದಂಗದ ತನಿ ಆವರ್ತನ ಮುಗಿದ ಮೇಲೆ, ಅರ್ಧ ಸಭೆ ಚಪ್ಪಲಿ ಹುಡುಕುವ ಹೊತ್ತಿಗೆ. ಆಗೆಲ್ಲ ನನಗೆ ಆ ಗೋಷ್ಠಿಯ ತಲೆದೂಗಾಟ ನೆನಪಾಗುತ್ತದೆ.