ಬಣ್ಣದ ಕೆಳಗಿನ ಕೆಲಸ

ಹಳೇ ಅಂಬಾಸಿಡರ್‌ಗೆ ಬಣ್ಣ ಹೊಡೆಸಲು ಹೋದವರು ಮೊತ್ತ ಕೇಳಿದ ಕೂಡಲೇ ‘ಬಣ್ಣಕ್ಕೆ ಇಷ್ಟಾ?’ ಎನ್ನುತ್ತಾರೆ. ಬಣ್ಣಕ್ಕಲ್ಲ ಸ್ವಾಮಿ. ಡಬ್ಬಿಯ ಬಣ್ಣ ಆ ಲೆಕ್ಕದ ಸಣ್ಣ ಪಾಲು. ದುಡ್ಡು ಹೋಗುವುದು ಅದರ ಕೆಳಗಿನ ಕೆಲಸಕ್ಕೆ.

ಟಿಂಕರಿಂಗ್ ಮೇಸ್ತ್ರಿ ಗಾಡಿಯನ್ನು ಕಣ್ಣಿಗಿಂತ ಅಂಗೈಯಿಂದಲೇ ಹೆಚ್ಚು ನೋಡುತ್ತಾರೆ. ಕಣ್ಣು ತಪ್ಪಿಸಿಕೊಂಡ ತಗ್ಗು ಕೈಗೆ ಸಿಗುತ್ತದೆ. ಒಳಗಿನಿಂದ ಕಬ್ಬಿಣದ ಡಾಲಿ ಒತ್ತಿಹಿಡಿದು, ಹೊರಗಿನಿಂದ ಸುತ್ತಿಗೆಯ ಮೆಲುಪೆಟ್ಟು. ಪೆಟ್ಟು ಜೋರಾದರೆ ತಗಡು ಹಿಗ್ಗಿ ಉಬ್ಬುತ್ತದೆ. ಆಮೇಲೆ ಕಾಯಿಸಿ ಕುಗ್ಗಿಸುವ ಇನ್ನೊಂದು ಫಜೀತಿ. ತುಕ್ಕು ತಿಂದಲ್ಲಿ ಕತ್ತರಿಸಿ ಹೊಸ ತಗಡು ಬೆಸೆಯುವುದೇ ನ್ಯಾಯ. ಪುಟ್ಟಿ ಮೆತ್ತಿ ಮುಚ್ಚಿದರೆ ಅಗ್ಗಕ್ಕೆ ಮುಗಿಯುತ್ತದೆ, ನಿಜ. ಆದರೆ ಒಳಗಿನ ತುಕ್ಕು ಸುಮ್ಮನಿರದು. ಗುಳ್ಳೆ ಎದ್ದು ಪುಟ್ಟಿ, ಬಣ್ಣ ಎರಡೂ ಉದುರುತ್ತವೆ. ಕರಾವಳಿಯ ಉಪ್ಪುಗಾಳಿಯಲ್ಲಂತೂ ಇನ್ನೂ ಬೇಗ.

ಆಮೇಲೆ ಉಜ್ಜಾಟ. 80ನೇ ನಂಬರಿನ ಒರಟು ಕಾಗದದಿಂದ ಶುರುವಾಗಿ, ನೀರು ಬಿಟ್ಟು ಉಜ್ಜುವ 1000ರ ನುಣುಪಿನವರೆಗೆ. ನೋಡುವವರಿಗೆ ಬೇಸರ ತರಿಸುವ ಈ ಕೆಲಸವೇ ನನಗೆ ಅತಿ ಮೆಚ್ಚು.

ಒಂದು ಬಾಗಿಲಿಗಷ್ಟೇ ಬಣ್ಣವೆಂದರೆ ಕಷ್ಟ ಹೆಚ್ಚು. ಬಿಸಿಲಿಗೆ ಮಾಸಿದ ಬಿಳಿಗೆ ಕಂಪನಿಯ ಹೊಸ ಬಿಳಿ ಹೊಂದದು. ಹನಿ ಹಳದಿ, ಚೂರು ಕಪ್ಪು ಬೆರೆಸಿ, ಟ್ಯೂಬ್‌ಲೈಟ್ ನಂಬದೆ ಅಂಗಳದ ಬೆಳಕಿಗೆ ಹಿಡಿದು ನೋಡಬೇಕು.

ಅಂಬಾಸಿಡರ್ ತಯಾರಿ 2014ರಲ್ಲೇ ನಿಂತಿತು. ಹೊಸ ಬಾನೆಟ್ಟು, ಮಡ್‌ಗಾರ್ಡು ಹುಡುಕಿ ಅಲೆಯುವುದಕ್ಕಿಂತ, ಇರುವುದನ್ನೇ ನೇರ ಮಾಡಬಲ್ಲ ಮೇಸ್ತ್ರಿ ಕೇಳಿದಷ್ಟು ಕೊಡುವುದು ನನ್ನ ಪ್ರಕಾರ ಲಾಭವೇ.