ಟೇಲರ್ ಮಂಜಿಲ್‌ಗೆ ಅತಿಥಿಗೃಹದ ಪಾತ್ರ ಸಾಲದು
ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಉಳಿದುಬಂದಿರುವುದಕ್ಕೆ ಅದು ಸರ್ಕಾರಿ ಅತಿಥಿಗೃಹವಾಗಿ ಬಳಕೆಯಾದದ್ದೂ ಒಂದು ಕಾರಣ. ಬೀಗ ಬಿದ್ದ ಹಳೆ ಬಂಗಲೆಗಳ ಗತಿ ನಮ್ಮ ಕಡೆಯವರಿಗೆ ಗೊತ್ತೇ ಇದೆ. ಆ ಉಪಕಾರ ಮರೆಯಬಾರದು. ಆದರೂ ಈ ಕಟ್ಟಡದ ಯೋಗ್ಯತೆಗೆ ಈ ಬಳಕೆ ತೀರಾ ಕಡಿಮೆಯಾಯಿತು.

ಇದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್, ಬಾಲಕ ರಾಜಾ ವೆಂಕಟಪ್ಪ ನಾಯಕರ ಪರವಾಗಿ 1853ರವರೆಗೆ ಸಂಸ್ಥಾನದ ಆಡಳಿತ ನೋಡಿದವನು. ಆಡಳಿತದ ನಡುವೆಯೇ ರಾಜನಕೋಳೂರಿನ ಕಲ್ಲುಮನೆಗಳನ್ನು, ಅಂದರೆ ಜನ ಮೋರೇರ ಮನೆ ಎನ್ನುವ ಬೃಹತ್ ಶಿಲಾ ಸಮಾಧಿಗಳನ್ನು, ಪರಿಶೀಲಿಸಿ ಬರೆದಿಟ್ಟ. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಸುರಪುರದ ಇದೇ ಸೀಮೆಯಲ್ಲಿ ದಶಕಗಳ ಕಾಲ ದುಡಿದರು. ಬೂದಿಹಾಳದ ಬೂದಿದಿಬ್ಬ ಅಗೆದರು; ಹುಣಸಗಿ ಬಳಿಯ ಇಸಾಂಪುರದಲ್ಲಿ ಆದಿಮಾನವರ ಕಾರ್ಖಾನೆಯನ್ನೇ ಬಯಲಿಗೆ ತಂದರು. ಅಲ್ಲಿ ಆ ಆದಿಮಾನವರು ಸುಣ್ಣಗಲ್ಲಿನ ಹಾಸುಗಳನ್ನು ಎಬ್ಬಿಸಿ, ಗಟ್ಟಿ ಗುಂಡುಗಲ್ಲಿನಿಂದ ಚಕ್ಕೆ ಹಾರಿಸಿ, ಕೈಗೊಡಲಿ ಮಾಡುತ್ತಿದ್ದರು. ಮಾಡಿದ ಆಯುಧ, ಅರ್ಧಕ್ಕೆ ಬಿಟ್ಟದ್ದು, ಉದುರಿದ ಚಕ್ಕೆ ಎಲ್ಲವೂ ಒಂದೇ ನೆಲದ ಮೇಲೆ ಸಿಕ್ಕವು. ಜೊತೆಗೆ ಸಿಕ್ಕ ಪ್ರಾಣಿಗಳ ಹಲ್ಲಿನ ಪರೀಕ್ಷೆ ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷ ಹಿಂದಕ್ಕೆ ಒಯ್ಯುತ್ತದೆ.

ಇಷ್ಟು ಸಂಪತ್ತು ಸುತ್ತ ಇರುವಾಗ ಟೇಲರ್ ಮಂಜಿಲ್ ಪ್ರಾಗಿತಿಹಾಸದ ಸಂಶೋಧನಾ ಕೇಂದ್ರವಾಗಬೇಕು. ಕಲ್ಲಾಯುಧ ಹರಡಿಕೊಂಡು ನೋಡಲು ಉದ್ದನೆಯ ಮೇಜು, ಸಿಕ್ಕ ಜಾಗದ ಚೀಟಿ ಅಂಟಿಸಿದ ಡ್ರಾಯರುಗಳು, ಒಂದು ಸೂಕ್ಷ್ಮದರ್ಶಕ, ನಕ್ಷೆ, ಪುಸ್ತಕ: ಮೊದಲಿಗೆ ಇಷ್ಟು ಸಾಕು. ಹಳೆ ಗಾರೆಯ ಮೇಲೆ ಸಿಮೆಂಟು ಬಳಿಯುವ, ಗೋಡೆ ಕೊರೆದು ಏಸಿ ಕೂರಿಸುವ ದುರಸ್ತಿ ಮಾತ್ರ ಬೇಡವೇ ಬೇಡ. ಸಿಮೆಂಟು ಗೋಡೆಯೊಳಗಿನ ತೇವವನ್ನು ಹೊರಬಿಡುವುದಿಲ್ಲ. ಒಳಗಿನ ಗಾರೆ ಸಡಿಲವಾಗುತ್ತದೆ.

ಮೈಸೂರು ವಿಶ್ವವಿದ್ಯಾಲಯದ ಜಯಲಕ್ಷ್ಮೀ ವಿಲಾಸ ಅರಮನೆಯ ಉದಾಹರಣೆ ಇಲ್ಲಿ ನೆನೆಯಬೇಕು. ಅರಮನೆಯನ್ನು ಜಾನಪದ ವಸ್ತುಸಂಗ್ರಹಾಲಯ ಮಾಡಿದ್ದು ಸರಿಯಾದ ತೀರ್ಮಾನ. ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಿಂದ ಅದು ದುರಸ್ತಿಯೂ ಆಯಿತು. ಆಮೇಲೆ ನಿರ್ವಹಣೆ ಸೊರಗಿ ಮತ್ತೆ ಶಿಥಿಲವಾಯಿತು. ಆದ್ದರಿಂದ ಸುರಪುರದಲ್ಲಿ ಉದ್ಘಾಟನೆಯ ಹಣಕ್ಕಿಂತ ಮೊದಲು ವರ್ಷವರ್ಷದ ನಿರ್ವಹಣೆಯ ಹಣ, ಒಬ್ಬ ಕಾಯಂ ಕ್ಯುರೇಟರ್ ನಿಗದಿಯಾಗಬೇಕು.

ಪುರಾತತ್ವ ಇಲಾಖೆ ಮತ್ತು ಗುಲಬರ್ಗಾ ವಿಶ್ವವಿದ್ಯಾಲಯ ಕೂಡಿ ಈ ಕೆಲಸಕ್ಕೆ ಮುಂದಾಗಲಿ. ಅಧಿಕಾರಿಗಳ ವಸತಿಗೆ ಊರಲ್ಲಿ ಬೇರೆ ಕಟ್ಟಡ ಕಟ್ಟಿಕೊಡಬಹುದು.